ಕೆಂಪಿಗಾಗಿ ಉಟ್ಟ ಸೀರೆ

ಸೀರೆಯ ನೆರಿಗೆ ಹಿಡಿಯುವುದು ಕಂದಪದ್ಯಕ್ಕೆ ಗಣವಿಭಾಗ ಮಾಡುವುದಕ್ಕಿಂತ ಕಷ್ಟವೆಂಬುದು ನನಗೆ ತಿಳಿದದ್ದು ಅರವತ್ತೆರಡನೆಯ ವಯಸ್ಸಿನಲ್ಲಿ. ಹಾನುಬಾಳಿನ ಸುತ್ತಮುತ್ತಲ ಶಾಲೆಗಳಲ್ಲಿ ಮೂವತ್ತು ವರ್ಷ ಛಂದಸ್ಸು ಕಲಿಸಿದ ನಾನು ಕೊಟ್ಟಿಗೆಯ ಬಾಗಿಲಲ್ಲಿ ಸೀರೆ ಸುತ್ತಿಕೊಂಡು, ನೆರಿಗೆಗಳ ಗಣ ತಪ್ಪಿ ನಿಂತಿದ್ದೆ. ನಗಬೇಡಿ ಎನ್ನುವುದಿಲ್ಲ, ನಗುವಂತೆಯೇ ಇತ್ತು.

ನನ್ನ ಹೆಂಡತಿ ಪಾರ್ವತಿ ಕಾರ್ತಿಕದ ಒಂದು ಮಧ್ಯಾಹ್ನ ಎದೆನೋವೆಂದು ಮಲಗಿದವಳು ಮತ್ತೆ ಏಳಲಿಲ್ಲ. ಅವಳು ಬಿಟ್ಟುಹೋದ ಸಂಸಾರದಲ್ಲಿ ನಾನಿದ್ದೆ, ಕೆಂಪಿ ಎಂಬ ಹಸುವಿತ್ತು, ಎರಡು ತಿಂಗಳ ಕರುವಿತ್ತು. ಹಾಲು ಕರೆಯುವಾಗ ಪಾರ್ವತಿ ಕೆಂಪಿಗೆ ಊರ ಸುದ್ದಿಯನ್ನೆಲ್ಲ ಹೇಳುತ್ತಿದ್ದಳು. ನನ್ನ ಮೇಲಿನ ದೂರುಗಳನ್ನೂ ಅಲ್ಲೇ ದಾಖಲಿಸುತ್ತಿದ್ದಳೆಂದು ನನ್ನ ಗುಮಾನಿ. ಅದಕ್ಕೇ ಇರಬೇಕು, ನಾನು ಚೊಂಬು ಹಿಡಿದು ಕೂತರೆ ಕೆಂಪಿ ಒದೆಯುತ್ತಿದ್ದಳು. ಕರು ಕುಡಿದು ಮಿಕ್ಕ ಹಾಲು ಅಲ್ಲೇ ನಿಂತು, ನಾಲ್ಕನೆಯ ದಿನಕ್ಕೆ ಕೆಚ್ಚಲು ಕಲ್ಲಿನಂತಾಯಿತು. ಹೀಗೇ ಬಿಟ್ಟರೆ ಬಾವು ಬಂದು ಹಸು ಉಳಿಯುವುದೇ ಕಷ್ಟವೆಂದರು ದನದ ಡಾಕ್ಟರು. ಹಾಸನದಿಂದ ಮಗಳು ಫೋನಿನಲ್ಲಿ, ಮಾರಿಬಿಡಿ ಅಪ್ಪ, ಎಂದಳು. ನನಗೂ ಹಾಗೇ ಅನ್ನಿಸಿತ್ತು. ಪಾರ್ವತಿ ಮುಟ್ಟಿದ್ದೆಲ್ಲ ಮನೆಯಿಂದ ಹೊರಟರೆ ನೋವೂ ಅದರ ಹಿಂದೆಯೇ ಹೊರಟೀತೆಂದುಕೊಂಡಿದ್ದೆ.

ಎಸ್ಟೇಟಿನ ಆಳುಗಳನ್ನು ಜೀಪಿನಲ್ಲಿ ಕರೆದೊಯ್ಯುವ ಇಬ್ರಾಹಿಂ ದಿನಾ ಬೆಳಿಗ್ಗೆ ನಮ್ಮಲ್ಲಿಂದ ಹಾಲು ಒಯ್ಯುವವನು. ಅಂದು ಖಾಲಿ ಪಾತ್ರೆ ಹಿಡಿದು ತಗ್ಗಿದ ದನಿಯಲ್ಲಿ ಹೇಳಿದ:

"ಅಮ್ಮಾರ ಸೀರೆ ಉಟ್ಕಂಡು ಕೂತ್ಕಳಿ ಮೇಷ್ಟ್ರೆ. ಅವ್ರ ವಾಸ್ನೆ ಐತಲ್ಲ, ಅದುಕ್ಕಾದ್ರೂ ಹಾಲು ಬುಡ್ತಾಳೆ."

ಪಾರ್ವತಿಯ ನೀಲಿ ನೂಲಿನ ಸೀರೆ ಒಗೆಯದೆ ಹಗ್ಗದ ಮೇಲೇ ಇತ್ತು. ಅವಳು ಹೋದಂದಿನಿಂದ ನಾನದನ್ನು ಮುಟ್ಟಿರಲಿಲ್ಲ. ಅದನ್ನೇ ಹೇಗೋ ಸುತ್ತಿಕೊಂಡು ಹೋಗಿ ಕೂತೆ. ಕೆಂಪಿ ಸೆರಗನ್ನು ಮೂಸಿದಳು, ಬಹಳ ಹೊತ್ತು ಮೂಸಿದಳು, ನನ್ನ ಭುಜ ನೆಕ್ಕಿದಳು. ಕಾಲೆತ್ತಲಿಲ್ಲ. ಚೊಂಬಿನ ತಳಕ್ಕೆ ಹಾಲು ಚೊರ್ರೆಂದು ಬಿತ್ತು. ಸಮಾಧಿಗೆ ಮಣ್ಣು ಹಾಕುವಾಗಲೂ ಅಳದ ನಾನು ಆ ಹಸುವಿನ ಬೆಚ್ಚನೆಯ ಹೊಟ್ಟೆಗೆ ಹಣೆಯಿಟ್ಟು ಅತ್ತೆ. ಇಬ್ರಾಹಿಂ ಜೀಪಿನತ್ತ ನಡೆದು, ಆಗಲೇ ಒರೆಸಿದ್ದ ಗಾಜನ್ನು ಮತ್ತೊಮ್ಮೆ ಒರೆಸುತ್ತ ನಿಂತ.

ಹಸು ಮಾರುವುದಿಲ್ಲವೆಂದು ಮಗಳಿಗೆ ಹೇಳಿದೆ. ಸೀರೆಯ ಸಂಗತಿ ಹೇಳಲಿಲ್ಲ. ಒಂದು ತಿಂಗಳು ಉಟ್ಟೆ. ಆಮೇಲೆ ಹೆಗಲ ಮೇಲೆ ಹಾಕಿಕೊಂಡರೆ ಸಾಕಾಯಿತು. ಮಾಘದ ಒಂದು ಬೆಳಿಗ್ಗೆ ಚೊಂಬು ಅರ್ಧ ತುಂಬಿದ ಮೇಲೆ ನೋಡಿಕೊಂಡರೆ ಹೆಗಲು ಬರಿದಾಗಿತ್ತು. ಗೆದ್ದೆನೆಂದು ಹಿಗ್ಗಬೇಕೋ, ಪಾರ್ವತಿಯನ್ನು ಮರೆತೆನೆಂದು ಅಳುಕಬೇಕೋ ತಿಳಿಯದೆ ಇಬ್ರಾಹಿಂಗೆ ಹೇಳಿದೆ.

"ಮರ್ತಿಲ್ಲ ಬುಡಿ ಮೇಷ್ಟ್ರೆ," ಎಂದ. "ಕೆಂಪಿ ನಿಮ್ ಕೈನೂ ಗುರ್ತು ಹಿಡುದ್ಳು, ಅಷ್ಟೇಯ."

ಮೊನ್ನೆ ಡಾಕ್ಟರು ಕೆಂಪಿಯನ್ನು ಪರೀಕ್ಷಿಸಿ, ಮೂರು ತಿಂಗಳ ಗಬ್ಬ, ದಸರೆಯ ಹೊತ್ತಿಗೆ ಕರು ಹಾಕುತ್ತಾಳೆ ಎಂದರು. ಅವರು ಹೋದ ಮೇಲೆ ನಾನು ಗೋಡೆಯ ಕ್ಯಾಲೆಂಡರಿನ ಹಾಳೆಗಳನ್ನು ಒಂದೊಂದಾಗಿ ಮಗುಚುತ್ತ ಹೋದೆ. ಕಾರ್ತಿಕದಿಂದೀಚೆಗೆ ನಾಳೆಯನ್ನು ದಾಟಿ ಮುಂದಕ್ಕೆ ನೋಡಿದ್ದು ಅದೇ ಮೊದಲು. ದಸರೆಯ ತಿಂಗಳಿನಲ್ಲಿ ಅಂದಾಜಿಗೆ ಒಂದು ದಿನವನ್ನು ಹುಡುಕಿ, ಪೆನ್ನಿನಿಂದ ಅದರ ಸುತ್ತ ಗುಂಡಗೆ ಗುರುತು ಹಾಕಿದೆ.