ಹದಿನಾಲ್ಕನೇ ಪುಟ ಓದಿದವಳು

ಬಸ್ ನಿಲ್ದಾಣದ ಗಾಜಿನ ಕೋಣೆಯಲ್ಲಿ ಕೂತು ಹತ್ತೊಂಬತ್ತು ವರ್ಷ ಬಸ್ಸುಗಳ ಹೊತ್ತು ಹೇಳಿದ ಹೆಂಗಸನ್ನು ಅಲ್ಲಿ ಎಲ್ಲರೂ ಮೈಕಕ್ಕ ಎಂದೇ ಕರೆಯುತ್ತಿದ್ದರು. ಮುಖ ಕಂಡವರು ಕಡಿಮೆ, ದನಿ ಕೇಳದವರಿಲ್ಲ. ಅವಳು ಮೂರನೇ ಪ್ಲಾಟ್‌ಫಾರಂ ಎಂದರೆ ಮೂರನೆಯದೇ. ಡ್ರೈವರುಗಳು ಕೈಯಲ್ಲಿದ್ದ ಕಾಗದಕ್ಕಿಂತ ಅವಳ ಬಾಯನ್ನು ನಂಬುತ್ತಿದ್ದರು. ಅದು ಅವಳಿಗೂ ಗೊತ್ತಿತ್ತು, ಒಳಗೊಳಗೇ ಒಂದಿಷ್ಟು ಕೋಡೂ ಮೂಡಿತ್ತು.

ಅವಳ ತಂಗಿಯ ಗಂಡ ರೆಕಾರ್ಡಿಂಗ್ ಸ್ಟುಡಿಯೊದಲ್ಲಿ ಕೆಲಸಕ್ಕಿದ್ದವನು. ಒಂದು ದಿನ ಕಾಗದದ ಕಟ್ಟು ಹಿಡಿದು ಬಂದ. ಆರೋಗ್ಯದ ಆ್ಯಪ್ ಒಂದಕ್ಕೆ ದನಿ ಬೇಕಿತ್ತು. ನಿದ್ದೆ, ಎದೆಬಡಿತ, ಭಯ, ನುಂಗುವ ಮಾತ್ರೆ ಎಲ್ಲವನ್ನೂ ಜನ ದಿನಾ ಅದರಲ್ಲಿ ಬರೆದಿಡಬೇಕು. ಬರೆಯುವ ಮೊದಲು, ಆ ವಿವರಗಳನ್ನು ಕಂಪನಿ ಏನು ಮಾಡುತ್ತದೆಂದು ತಿಳಿಸುವ ಪ್ರೈವಸಿ ಪಾಲಿಸಿಗೆ ‘ಒಪ್ಪಿದೆ’ ಎಂದು ಒತ್ತಬೇಕು. ಪಾಲಿಸಿ ಇಪ್ಪತ್ತೆರಡು ಪುಟ. ಅಷ್ಟನ್ನು ಕೂತು ಓದುವವರು ಯಾರು? ಅದಕ್ಕೇ ಒಂದೂವರೆ ನಿಮಿಷದ ಸಾರವನ್ನು ನಂಬಿಕೆ ಹುಟ್ಟುವ ದನಿಯಲ್ಲಿ ಓದಿಸುವ ಯೋಚನೆ.

ಏನೇ ಓದುವುದಿದ್ದರೂ ಮೊದಲೇ ಕಣ್ಣಾಡಿಸಿಕೊಳ್ಳುವುದು ಮೈಕಕ್ಕನ ಹಳೇ ಅಭ್ಯಾಸ. ಸಾರದ ಹಾಳೆಯ ಜೊತೆ ಇಪ್ಪತ್ತೆರಡು ಪುಟವೂ ಬಂದಿದ್ದರಿಂದ ಅದನ್ನೂ ಓದಿದಳು. ಹದಿನಾಲ್ಕನೇ ಪುಟದಲ್ಲಿ ಕಣ್ಣು ನಿಂತಿತು. ಬಳಕೆದಾರರ ಮಾಹಿತಿಯನ್ನು ವಿಮಾ ಸಂಸ್ಥೆಗಳೂ ಸೇರಿದಂತೆ ಸಹಭಾಗಿಗಳ ಜೊತೆ ಹಂಚಿಕೊಳ್ಳಬಹುದು ಎಂದಿತ್ತು. ಅವಳು ಓದಬೇಕಿದ್ದ ಹಾಳೆಯ ಕೊನೆಯಲ್ಲಿ ಇದ್ದದ್ದು: ‘ನಿಮ್ಮ ಮಾತು ನಮ್ಮಲ್ಲೇ ಉಳಿಯುತ್ತದೆ.’

“ಇದೇನ್ರೀ, ಅಲ್ಲೊಂದು ಇಲ್ಲೊಂದು?” ಎಂದು ಸ್ಟುಡಿಯೊದಲ್ಲಿ ಕೇಳಿದಳು.

“ಅಯ್ಯೋ ಅಕ್ಕ, ಅದು ವಕೀಲರ ಭಾಷೆ. ನಾವು ಓದೋರು, ಬರೆಯೋರಲ್ಲ. ಶುರು ಮಾಡೋಣ್ವಾ?” ಎಂದ ತಂಗಿಯ ಗಂಡ.

ಮಾತು ಬೆಳೆಸಿದರೆ ತಂಗಿಯವರೆಗೆ ಹೋಗುತ್ತದೆ ಎಂದುಕೊಂಡು ಓದಿದಳು. ಅವನು ಗಾಜಿನಾಚೆಯಿಂದ ಹೆಬ್ಬೆರಳೆತ್ತಿದ ಮೇಲೂ, “ತಡೀರಿ, ಆ ಕೊನೇ ಸಾಲು ಒಣಒಣ ಅನ್ನಿಸ್ತು, ಇನ್ನೊಂದು ಸಲ ಹೇಳ್ತೀನಿ” ಎಂದವಳು ಅವಳೇ. ಎರಡನೇ ಸಲ, ಜ್ವರ ಬಂದ ಮಗುವಿನ ತಲೆ ಸವರುತ್ತಾ ಹೇಳುವ ಹಾಗೆ ಹೇಳಿದಳು. ಎಲ್ಲರೂ ಹೊಗಳಿದರು.

ಮನೆಯಲ್ಲಿ ಅವಳ ಅಮ್ಮನಿಗೆ ಹಿಡಿಸಲಾರದಷ್ಟು ಸಂಭ್ರಮ. ಕಣ್ಣು ಮಂಜಾಗಿದ್ದ ಮುದುಕಿ ಅಕ್ಕಪಕ್ಕದವರನ್ನು ಕೂರಿಸಿಕೊಂಡು, ಫೋನು ಒತ್ತಿಸಿ, “ಕೇಳಿ, ನನ್ನ ಮಗಳು!” ಎನ್ನುತ್ತಿದ್ದಳು. ಕೇಳಿದವರಲ್ಲಿ ಇಬ್ಬರು ತಮ್ಮ ಫೋನಿಗೂ ಹಾಕಿಸಿಕೊಂಡರು.

ಐದು ತಿಂಗಳಾದ ಮೇಲೆ ಪೀಪಿ ಗಾಜಿನ ಕಿಟಕಿ ತಟ್ಟಿದ. ಬೆಟ್ಟದ ದಾರಿಯ ಡ್ರೈವರು. ಹಾರನ್ನನ್ನು ರಾಗವಾಗಿ ಒತ್ತುವುದರಿಂದ ಆ ಹೆಸರು ಬಿದ್ದಿತ್ತು. ಅಂಗೈ ಎರಡೂ ಕಪ್ಪಗಿದ್ದವು.

“ಏನು ಪೀಪಿ, ಬಸ್ಸೆಲ್ಲಿ?”

“ಬಸ್ಸಿಲ್ಲ ಅಕ್ಕ. ಟೈರ್ ಗೋದಾಮಿಗೆ ಹಾಕಿದ್ದಾರೆ. ಈಗ ನಾನು ಟೈರ್ ಉರುಳಿಸೋ ಡ್ರೈವರು.” ನಗಲು ನೋಡಿದ, ಆಗಲಿಲ್ಲ.

ಹಿಂದಿನ ವರ್ಷ ಬಂಡೆಯೊಂದು ಉರುಳಿ ಅವನ ಬಸ್ಸಿನ ಮುಂದೆಯೇ ಬಿದ್ದಿತ್ತು. ಅಂದಿನಿಂದ ಬಸ್ಸು ನಿಲ್ಲಿಸಿ ಇಳಿದರೆ ಸಾಕು, ಎದೆ ಹೊಡೆದುಕೊಳ್ಳುತ್ತಿತ್ತು, ಕೈ ನಡುಗುತ್ತಿತ್ತು. ಡಾಕ್ಟರು ಮಾತ್ರೆ ಕೊಟ್ಟು, ದಿನಾ ಆ್ಯಪ್‌ನಲ್ಲಿ ಬರೆದಿಡಿ ಎಂದಿದ್ದರು. ಬರೆದ. ಈಗ ಡ್ರೈವರುಗಳ ವಿಮೆ ನೋಡುವ ಕಂಪನಿಯಿಂದ ಸಾರಿಗೆ ಕಚೇರಿಗೆ ಪತ್ರ ಬಂದು, ಅವನ ನಡುಕ ಊರಿಗೆಲ್ಲ ಸುದ್ದಿಯಾಗಿತ್ತು.

“ಎಲ್ಲೋ ಎಡವಟ್ಟಾಗಿದೆ ಅಕ್ಕ. ನಮ್ಮಲ್ಲೇ ಉಳಿಯುತ್ತೆ ಅಂತ ನೀವೇ ಹೇಳಿದ್ರಲ್ಲ. ನೀವು ಹೇಳಿದ್ದು ಅಂತಾನೇ ನಾನು ಬರೆದೆ. ಅವರಿಗೊಂದು ಫೋನ್ ಮಾಡ್ತೀರಾ?”

ಮೈಕಕ್ಕನ ಕಿವಿ ಬಿಸಿಯಾಯಿತು. “ನನಗೇನೂ ಗೊತ್ತಿಲ್ಲಪ್ಪ. ಕೊಟ್ಟಿದ್ದನ್ನ ಓದಿದೆ, ಅಷ್ಟೆ.”

“ಅದೂ ಸರಿ. ನಿಮಗೆ ಹೇಗೆ ಗೊತ್ತಾಗಬೇಕು? ಬೇಜಾರು ಮಾಡ್ಕೋಬೇಡಿ” ಎಂದು ಅವನೇ ಸಮಾಧಾನ ಹೇಳಿ ಹೋದ.

ಆ ಸಮಾಧಾನ ಅವಳಿಗೆ ಕಪಾಳಕ್ಕೆ ಬಿದ್ದಂತಾಯಿತು. ಆಮೇಲಿನ ವಾರವೆಲ್ಲ, ಅವನು ಅಂಗಳ ದಾಟುವುದು ಕಂಡರೆ ಬಗ್ಗಿ ಚಪ್ಪಲಿ ಹುಡುಕುವವಳಂತೆ ಮೇಜಿನ ಕೆಳಗೆ ತಲೆ ಹಾಕುತ್ತಿದ್ದಳು.

ಒಂದು ಬೆಳಿಗ್ಗೆ ಪಕ್ಕದ ಮನೆಯಾಕೆ ತನ್ನ ಸೊಸೆಯನ್ನು ಕರೆತಂದಳು. “ಇವಳಿಗೆ ಆ ಆ್ಯಪ್ ಅಂದ್ರೆ ಅನುಮಾನ. ನೀನೊಂದು ಮಾತು ಹೇಳಮ್ಮ, ಒತ್ತುತ್ತಾಳೆ.”

“ಒತ್ತಬೇಡ” ಎಂದಳು ಮೈಕಕ್ಕ. “ನಾನು ಹೇಳಿರೋದು ಸುಳ್ಳು.”

ಅವರು ಹೋದ ಮೇಲೆ ಅಮ್ಮ ಕೇಳಿದಳು, “ಓದೋ ಮೊದಲೇ ಗೊತ್ತಿತ್ತಾ?”

“ಗೊತ್ತಿತ್ತಮ್ಮ.”

ಮುದುಕಿ ಫೋನನ್ನು ಮುಂದಕ್ಕೆ ತಳ್ಳಿ, “ತೆಗೆದುಬಿಡು ಅದನ್ನ” ಎಂದಳು. ಬೈದಿದ್ದರೆ ವಾಸಿಯಿತ್ತು.

ಅದೇ ಸಂಜೆ ಪೀಪಿಯ ಮನೆಗೆ ಹೋದಳು. ಅವನ ಹೆಂಡತಿ ಕುರ್ಚಿ ಎಳೆದು ಕೊಟ್ಟರೂ ಕೂರದೆ, ಹದಿನಾಲ್ಕನೇ ಪುಟದಿಂದ ಹಿಡಿದು ಎರಡನೇ ಸಲ ಓದಿದ್ದರ ತನಕ ಎಲ್ಲ ಹೇಳಿದಳು. ಮೈಕಿನ ಮುಂದೆ ಎಂದೂ ತಡವರಿಸದ ನಾಲಿಗೆ ಅಲ್ಲಿ ಮೂರು ಸಲ ತಡವರಿಸಿತು.

ಪೀಪಿ ನೆಲ ನೋಡುತ್ತಾ, “ಓದಿದ್ದು ಹಾಳಾಗಲಿ. ಅವತ್ತು ನಾನು ಬಂದು ಕೇಳ್ದಾಗ ಹೇಳಬಹುದಿತ್ತು” ಎಂದ.

“ಹೇಳಬೇಕಿತ್ತು.”

“ಇವರ ಕೈ ನಡುಗೋದು ನನಗೇ ಗೊತ್ತಿರಲಿಲ್ಲ” ಎಂದಳು ಹೆಂಡತಿ. “ಕಟ್ಟಿಕೊಂಡವಳಿಗೆ ಹೇಳದ್ದನ್ನ ನಿಮ್ಮ ದನಿಗೆ ಹೇಳಿದ್ರು.”

ಮೈಕಕ್ಕ ಕುರ್ಚಿಯನ್ನು ಮೊದಲಿದ್ದಲ್ಲಿಗೇ ಸರಿಸಿಟ್ಟು ಹೊರಟಳು.

ಡ್ರೈವರುಗಳ ಸಂಘ ಪೀಪಿಯ ಪರವಾಗಿ ದೂರು ಬರೆಯುತ್ತಿತ್ತು. ಮೈಕಕ್ಕ ತನಗೆ ಏನು ಗೊತ್ತಿತ್ತು, ಏನು ಓದಿದೆ ಎಂದು ತನ್ನ ಕೈಯಾರೆ ಬರೆದು ಸಹಿ ಮಾಡಿ ಕೊಟ್ಟಳು. ತಂಗಿಯ ಗಂಡನ ಕೆಲಸಕ್ಕೆ ಕುತ್ತು ಬಂತು. ತಂಗಿ ಫೋನು ಮಾಡಿ, “ನಿನ್ನ ಮಾನ ಉಳಿಸ್ಕೊಳ್ಳೋಕೆ ನಮ್ಮನೆ ಮುರಿದೆಯಲ್ಲೇ ಅಕ್ಕ” ಎಂದು ಅತ್ತಳು. ಅದೂ ಸುಳ್ಳೆನ್ನುವಂತಿರಲಿಲ್ಲ. ಕಂಪನಿ ಇನ್ನೊಬ್ಬಳಿಂದ ಹೊಸದಾಗಿ ಓದಿಸಿತು. ಸಾಲಿಗೆ ಒಂದೇ ಪದ ಸೇರಿತ್ತು: ನಿಮ್ಮ ಮಾತು ‘ಸಾಮಾನ್ಯವಾಗಿ’ ನಮ್ಮಲ್ಲೇ ಉಳಿಯುತ್ತದೆ.

ಏಳು ವಾರಗಳ ಮೇಲೆ, ಡಾಕ್ಟರ ಪತ್ರ ನೋಡಿ, ಪೀಪಿಗೆ ಮತ್ತೆ ಸ್ಟೀರಿಂಗ್ ಕೊಟ್ಟರು. ಬೆಟ್ಟದ ದಾರಿಯಲ್ಲ, ಊರೊಳಗಿನ ಸುತ್ತು ಬಸ್ಸು. ಒಂದು ದಿನ ತಿಳಿಯದೆ ಮೈಕಕ್ಕ ಅದೇ ಬಸ್ಸು ಹತ್ತಿದಳು. ಕನ್ನಡಿಯಲ್ಲಿ ಕಣ್ಣಿಗೆ ಕಣ್ಣು ಸೇರಿದಾಗ ಅವನು ಮೆಲ್ಲಗೆ ತಲೆಯಾಡಿಸಿದ. ಅವಳೂ ಆಡಿಸಿದಳು. ಆಮೇಲೆ ಎರಡು ಸ್ಟಾಪು ಮುಂಚೆಯೇ ಇಳಿದು, ಬಿಸಿಲಲ್ಲಿ ಮನೆತನಕ ನಡೆದಳು.