ಬಿಗಿಯಪ್ಪನ ಬಿಳಿ ಟೇಪು

ಮೂಲತಃ ನಲ್ಲಿ ರಿಪೇರಿಯವನಾದ ಬಿಗಿಯಪ್ಪನಿಗೆ ಆ ಹೆಸರು ಹೆತ್ತವರು ಇಟ್ಟದ್ದಲ್ಲ. ಅವನು ಬಿಗಿದ ನಟ್ಟು ಬಿಚ್ಚಲಾಗದೆ ಒದ್ದಾಡಿದವರು ಇಟ್ಟದ್ದು. ಅವನ ಪ್ರಕಾರ ಲೋಕದಲ್ಲಿ ಸೋರುವುದಕ್ಕೆಲ್ಲ ಮದ್ದು ಎರಡೇ: ಪೈಪಿನ ತಿರುಪಿನ ಥ್ರೆಡ್ಡಿಗೆ ಬಿಳಿ ಟೇಪು, ಕೈಗೆ ಉದ್ದನೆಯ ಸ್ಪ್ಯಾನರು. ಭಾಮೈದನ ಜೊತೆ ಸೇರಿ ಎಸಿ ಅಂಗಡಿ ಇಟ್ಟ ಮೇಲೂ ಈ ವೈದ್ಯ ಬದಲಾಗಲಿಲ್ಲ.

ಎಸಿಯ ತಾಮ್ರದ ಪೈಪಿನ ಸ್ವಭಾವವೇ ಬೇರೆ. ಅದರ ತುದಿಯನ್ನು ತುತ್ತೂರಿಯ ಬಾಯಂತೆ ಅರಳಿಸಿ, ನಟ್ಟಿನಿಂದ ಒತ್ತಿ ಕೂರಿಸಬೇಕು.

“ಭಾವ, ಗ್ಯಾಸ್ ತಡೆಯೋದು ಥ್ರೆಡ್ ಅಲ್ಲ, ಬಾಯಿ. ಬಾಯಿಗೆ ಒಂದು ತೊಟ್ಟು ಎಸಿ ಎಣ್ಣೆ ಸವರಿ, ಹದವಾಗಿ ಬಿಗೀರಿ. ಇನ್ನೊಂದ್ಸಲ ಟೇಪ್ ಕಂಡ್ರೆ ನಾನು ಬೇರೆ ಅಂಗಡಿ ಇಡ್ತೀನಿ” ಎಂದು ಭಾಮೈದ ಹೇಳಿಯಾಗಿತ್ತು.

“ನಿಂಗೆ ಚಡ್ಡಿ ಹಾಕ್ಕೊಳ್ಳೋಕೆ ಬರದೇ ಇದ್ದಾಗ್ಲೇ ನಾನು ಪೈಪು ಕೂಡಿಸ್ತಿದ್ದೆ ಕಣೋ.”

ಹಲ್ಲಿನ ಡಾಕ್ಟರಮ್ಮನ ಕ್ಲಿನಿಕ್ಕಿನಲ್ಲಿ ಹೊಸ ಎಸಿ ಕೂರಿಸುವಾಗ ಭಾಮೈದ ಏಣಿ ಇಳಿದು ಹೊರಗೆ ಹೋದದ್ದೇ ತಡ, ಬಿಗಿಯಪ್ಪ ಜೇಬಿನಿಂದ ಟೇಪು ತೆಗೆದು ಸುತ್ತಿದ. ಹಲ್ಲು ಕಚ್ಚಿ ಸ್ಪ್ಯಾನರಿಗೆ ಜೋತುಬಿದ್ದ. ನಟ್ಟಿನೊಳಗೆ ತಾಮ್ರದ ಬಾಯಿ ಹರಿದದ್ದು ಅವನಿಗೆ ಕಾಣಲಿಲ್ಲ.

ಭಾಮೈದ ಬಂದು, ಸೋರಿಕೆ ನೋಡಲೆಂದು ಸಿಲಿಂಡರಿನಿಂದ ನೈಟ್ರೋಜನ್ ಬಿಟ್ಟ. ಒತ್ತಡ ಏರುತ್ತಿದ್ದಂತೆ ಢಬ್ ಎಂದಿತು. ಪೈಪು ನಟ್ಟಿನಿಂದ ಕಿತ್ತುಕೊಂಡು ಚಾಟಿಯಂತೆ ಬೀಸಿ ಭಾಮೈದನ ಹುಬ್ಬು ಸೀಳಿತು. ಒಂದು ಕಣ್ಣಿಗೆ ರಕ್ತ ಇಳಿಯಿತು. ಇನ್ನೊಂದಕ್ಕೆ, ನಟ್ಟಿನಲ್ಲಿ ನೇತಾಡುತ್ತಿದ್ದ ಬಿಳಿ ಚಿಂದಿ ಕಂಡಿತು.

“ಈಗ ಬರೋ ಪೈಪೇ ಕಳಪೆ…” ಎಂದು ಬಿಗಿಯಪ್ಪ ಶುರುಮಾಡಿದ. ಮುಗಿಸುವ ಮೊದಲೇ ಮುಷ್ಟಿ ಬಾಯಿಗೆ ಬಿತ್ತು. ಅವನು ಸ್ಪ್ಯಾನರು ಬೀಸಿದ; ಗುರಿ ತಪ್ಪಿ ಗಾಜಿನ ಬೀರು ಪುಡಿಯಾಯಿತು. ಇಬ್ಬರೂ ಗಾಜಿನ ಚೂರುಗಳ ಮೇಲೆಯೇ ಹೊರಳಾಡಿದರು. ಭಾಮೈದ ಕತ್ತು ಅದುಮಿ ಭಾವನ ತಲೆಯನ್ನು ನೆಲಕ್ಕೆ ಚಚ್ಚಿದ. ಭಾವ ಅವನ ಮಣಿಕಟ್ಟು ಕಚ್ಚಿದ. ಕಚ್ಚಿದ ಹಲ್ಲು ಅಲ್ಲೇ ಉಳಿಯಿತು.

“ಹಲ್ಲು ಕೀಳೋದಕ್ಕೆ ಇಲ್ಲಿ ನಾನಿದೀನಿ” ಎನ್ನುತ್ತ ಡಾಕ್ಟರಮ್ಮ ಇಬ್ಬರನ್ನೂ ಬಿಡಿಸಿದರು.

ಬಿಗಿಯಪ್ಪ ಬಾಯಿ ತುಂಬ ಹತ್ತಿ ತುರುಕಿಸಿಕೊಂಡು ಕುರ್ಚಿಯಲ್ಲಿ ಒರಗಿದ. ಹುಬ್ಬಿಗೆ ಹೊಲಿಗೆ ಹಾಕಿಸಿಕೊಂಡ ಭಾಮೈದ ಪೈಪಿನ ಹರಿದ ತುದಿ ಕತ್ತರಿಸಿ, ಹೊಸದಾಗಿ ಅರಳಿಸಿ, ಎಣ್ಣೆ ಸವರಿ ಬಿಗಿದ. ಮತ್ತೆ ನೈಟ್ರೋಜನ್ ಬಿಟ್ಟ. ಮೀಟರಿನ ಮುಳ್ಳು ಇಳಿಯದೆ ನಿಂತಲ್ಲೇ ನಿಂತಿತು. ಆಮೇಲೆ ತನ್ನ ಸಾಮಾನನ್ನೆಲ್ಲ ಬೇರೆ ಮಾಡಿ ಪೆಟ್ಟಿಗೆಗೆ ತುಂಬಿದ.

“ನಾಳೆಯಿಂದ ನಾನು ಬೇರೆ, ಭಾವ. ಅಕ್ಕನಿಗೆ ನಾನೇ ಹೇಳ್ತೀನಿ.”

ಬಿಗಿಯಪ್ಪನಿಗೆ ಹೇಳುವುದು ಬೇಕಾದಷ್ಟಿತ್ತು. ಆದರೆ ಡಾಕ್ಟರಮ್ಮ ಹತ್ತಿಯನ್ನು ಹದವಾಗಿ ಒತ್ತಿ ಕೂರಿಸಿದ್ದರು, ಒಂದಕ್ಷರವೂ ಸೋರಲಿಲ್ಲ.