ಮಗ್ಗ ನಿಂತ ಹೊತ್ತಿನ ಪ್ರಾರ್ಥನೆ

ಬೆಳಿಗ್ಗೆ ಎಂಟೂವರೆಗೆ ಮುಧೋಳ ಬಿಟ್ಟೆ. ಜಮಖಂಡಿಗೆ ಸುಮಾರು ಇಪ್ಪತ್ತೈದು ಕಿಲೋಮೀಟರ್, ಟಿಕೆಟ್ ಮೂವತ್ತೈದು ರೂಪಾಯಿ. ಕಬ್ಬು ಕಡಿಯುವ ಕಾಲ. ಚಳಿ ಇನ್ನೂ ಬಿಟ್ಟಿರಲಿಲ್ಲ.

ಜಮಖಂಡಿ ನಿಲ್ದಾಣದಲ್ಲಿ ಮಾರ್ತಾಬಾಯಿ ಕಾಯುತ್ತಿದ್ದರು. ನಿವೃತ್ತ ನರ್ಸ್, ನನ್ನ ತಾಯಿಯ ಗೆಳತಿ. ವಾರಕ್ಕೊಮ್ಮೆ ಬನಹಟ್ಟಿಯ ನೇಕಾರರ ಓಣಿಯ ಒಂದು ಕ್ರೈಸ್ತ ಮನೆಗೆ ಹೋಗಿ ಪ್ರಾರ್ಥನೆ ನಡೆಸುತ್ತಾರೆ; ಈ ಸಲ ನಾನೂ ಜೊತೆಗೆ ಹೊರಟಿದ್ದೆ. ಪ್ರಾರ್ಥನೆಯ ಹೊತ್ತನ್ನು ಗೊತ್ತುಮಾಡುವುದು ಅವರಲ್ಲ, ಕರೆಂಟ್. ಆ ಓಣಿಯಲ್ಲಿ ಮನೆಮನೆಗೂ ಪವರ್‌ಲೂಮ್. ಅವು ಓಡುವಾಗ ಪಕ್ಕದಲ್ಲಿ ಕುಳಿತವರ ಮಾತೂ ಕೇಳಿಸದು. ಆದ್ದರಿಂದ ಕರೆಂಟ್ ತೆಗೆಯುವ ಹೊತ್ತೇ ಪ್ರಾರ್ಥನೆಯ ಹೊತ್ತು. ಆ ದಿನ ಹನ್ನೊಂದರಿಂದ ಒಂದರವರೆಗೆ ತೆಗೆಯುತ್ತಾರೆಂದು ಮೊದಲೇ ತಿಳಿದಿತ್ತು.

ಆ ಮನೆಯ ನೇಕಾರ ಪ್ರಕಾಶ ಕುಡಿತ ಬಿಟ್ಟು ಮೂರು ತಿಂಗಳಾಗಿತ್ತು.

“ಕರೆಂಟ್ ಇದ್ದಾಗ ಅಂವಾ ಬಂಗಾರದಂಥಾ ಮನಶ್ಯಾ,” ಎಂದರು ಮಾರ್ತಾಬಾಯಿ. “ಕರೆಂಟ್ ಹೋತಂದ್ರ ನಮಗ ಅಂಜಿಕಿ. ಕೈ ಖಾಲಿ, ಓಣಿ ತುದಿಗೇ ಶೆರೆ ಅಂಗಡಿ. ಮೊದಲೆಲ್ಲಾ ಮಗ್ಗ ನಿಂತ ಕೂಡ್ಲೇ ಚಪ್ಪಲಿ ಮೆಟ್ಟತಿದ್ದ.”

ಇನ್ನೊಮ್ಮೆ ಕುಡಿದರೆ ಮಕ್ಕಳನ್ನು ಕರೆದುಕೊಂಡು ತವರಿಗೆ ಹೋಗುವೆನೆಂದು ಹೆಂಡತಿ ಸುನಂದಾ ಹೇಳಿದ್ದಳಂತೆ. ಬಟ್ಟೆಯ ಟ್ರಂಕು ಕಟ್ಟಿಯೇ ಇಟ್ಟಿದ್ದಳು.

ಹತ್ತಕ್ಕೆ ಬನಹಟ್ಟಿ ಬಸ್ಸು ಹೊರಟಿತು. ಕಂಡಕ್ಟರ್ ಮಾರ್ತಾಬಾಯಿಗೆ ಉಚಿತ ಟಿಕೆಟ್ ಹರಿದು ಕೊಟ್ಟು, “ವಾರಾ ವಾರಾ ಬನಹಟ್ಟಿಗಿ ಎಷ್ಟ್ ಸೀರಿ ತರತೀರಿ ಬಾಯಾರ?” ಎಂದ.

“ಸೀರಿಗಲ್ಲೋ ತಮ್ಮಾ, ಸೀರಿ ನೇಯಾಂವನ್ನ ನೋಡಾಕ ಹೊಂಟೇನಿ.”

ದಾರಿಯಲ್ಲಿ ಕಬ್ಬಿನ ಟ್ರೇಲರ್ ಒಂದು ಗಾಲಿ ಒಡೆದು ರಸ್ತೆಗೆ ಅಡ್ಡ ನಿಂತಿತ್ತು. ಅರ್ಧ ಗಂಟೆಯ ದಾರಿ, ಬಸ್ಸು ಅಲ್ಲೇ ಸಿಕ್ಕಿಕೊಂಡಿತು. ಹತ್ತು ನಲವತ್ತಕ್ಕೆ ಮಾರ್ತಾಬಾಯಿಯ ಫೋನ್ ರಿಂಗಾಯಿತು. ಸುನಂದಾಳ ದನಿ ನನಗೂ ಕೇಳಿಸಿತು: “ಬಾಯಾರ, ಕರೆಂಟ್ ಈಗಲೇ ಹೋತ್ರಿ. ಎಲ್ಲಿದ್ದೀರಿ?”

ಮಾರ್ತಾಬಾಯಿ ಫೋನ್ ಇಟ್ಟು ಕಣ್ಣು ಮುಚ್ಚಿದರು. ಹಾರ್ನ್‌ಗಳ ಗದ್ದಲದಲ್ಲಿ ಅವರ ತುಟಿ ಮಾತ್ರ ಅಲುಗುತ್ತಿತ್ತು.

ಓಣಿ ಮುಟ್ಟಿದಾಗ ಹನ್ನೊಂದೂ ಇಪ್ಪತ್ತು. ಮಗ್ಗಗಳೆಲ್ಲ ನಿಂತಿದ್ದವು. ಸುನಂದಾ ಬಾಗಿಲಲ್ಲಿದ್ದಳು.

“ಹೊರಗ ಹೋಗ್ಯಾರ್ರಿ. ಕರದೆ, ತಿರುಗಿ ನೋಡಲಿಲ್ಲ.”

“ಹುಡುಕಾಕ ಹೋಗೋಣೇನು?” ಎಂದು ನಾನು ಕೇಳಿದೆ.

“ನಾವ್ ಎಳಕೊಂಡ ಬಂದ್ರ ನಾಳಿಗಿ ಯಾರ್ ಎಳೀತಾರ? ಕುಂಡ್ರಿ,” ಎಂದು ಮಾರ್ತಾಬಾಯಿ ಚಾಪೆ ಹಾಸಿದರು.

ಅರ್ಧ ನೇಯ್ದ ಸೀರೆಯ ಮುಂದೆ ಕುಳಿತೆವು. ಪ್ರಕಾಶನಿಗೆ ಕಲಿಸಿದ್ದ ನಾಲ್ಕು ಮಾತಿನ ಪ್ರಾರ್ಥನೆಯನ್ನೇ ಅವರು ಹೇಳಿದರು: “ಯೇಸಪ್ಪಾ, ಮಗ್ಗ ನಿಂತೇತಿ, ನೀ ನಿಲ್ಲಬ್ಯಾಡ. ನನ್ನ ಕಾಲಿಗಿ ಬಲಾ ಕೊಡು. ನನ್ನ ಮನಿ ಕಾಯಿ.” ಸುನಂದಾ ಕಣ್ಣು ಮುಚ್ಚಲಿಲ್ಲ, ಬಾಗಿಲನ್ನೇ ನೋಡುತ್ತಿದ್ದಳು.

ಹದಿನೈದು ನಿಮಿಷದ ಮೇಲೆ ಪ್ರಕಾಶ ಬಂದ. ಹೊಸ್ತಿಲ ಹೊರಗೇ ನಿಂತ.

“ಅಂಗಡಿ ತನಕಾ ಹೋಗಿದ್ದೆರಿ, ಖರೆ ಹೇಳತೇನಿ. ಒಳಗ ಹೋಗಲಿಲ್ಲ. ಬಾಗಲದಾಗ ನಿಂತು ನೀವ್ ಕಲಿಸಿದ್ದನ್ನ ಅಂದೆ. ಕಾಲಿಗಿ ಬಲಾ ಕೊಡು ಅನ್ನೂ ತನಕಾ ಬಂತು. ಮುಂದಿಂದು ಮರತ ಹೋತು. ಅದನ್ನ ಕೇಳಾಕ ಬಂದೆ.”

ಸುನಂದಾ ಎದ್ದು ಹತ್ತಿರ ಹೋಗಿ ಅವನ ಬಾಯಿ ಮೂಸಿ ನೋಡಿದಳು. ಒಳಗೆ ಹೋಗಿ ಒಲೆ ಹಚ್ಚಿದಳು.

“ಕಾಲಿಗಿ ಬಲಾ ಕೇಳಿದಿ, ಕಾಲು ನಡಕೊಂತ ಮನಿಗಿ ಬಂದುವು,” ಎಂದರು ಮಾರ್ತಾಬಾಯಿ. “ಕುಂಡ್ರು. ಉಳದದ್ದು ಹೇಳಿಕೊಡತೇನಿ.”

ಪ್ರಾರ್ಥನೆಯ ನಡುವೆ, ಹನ್ನೆರಡೂವರೆಗೇ, ಕರೆಂಟ್ ಬಂತು. ಅಕ್ಕಪಕ್ಕದ ಮಗ್ಗಗಳು ಖಟಪಟ ಶುರುವಾದವು. ಕರೆಂಟ್ ಬಂದರೆ ಆಮೆನ್‌ಗೆ ಕಾಯದೆ ಏಳುವುದು ಅಲ್ಲಿನ ರೂಢಿ, ಯಾರೂ ತಪ್ಪೆನ್ನುವುದಿಲ್ಲ. ಆ ದಿನ ಪ್ರಕಾಶ ಏಳಲಿಲ್ಲ. ಆಮೆನ್ ನನಗೆ ಕೇಳಿಸಲಿಲ್ಲ, ಅವನ ತುಟಿಯಲ್ಲಿ ಕಂಡೆ.

ಬಿಸಿ ರೊಟ್ಟಿ, ಪುಂಡಿಪಲ್ಯ ಉಂಡೆವು. ಮಾರ್ತಾಬಾಯಿ ಜಮಖಂಡಿ ಬಸ್ ಹತ್ತಿದರು. ನಾನು ಚಿಮ್ಮಡದ ದಾರಿಯಾಗಿ ಮುಧೋಳಕ್ಕೆ ಹೊರಟೆ. ನಾಲ್ಕೂಕಾಲಿಗೆ ಬಸ್ಸು ಚಿಮ್ಮಡದಲ್ಲಿ ನಿಂತಾಗ, ಹಿಟ್ಟಿನ ಗಿರಣಿಯ ಮುಂದೆ ಡಬ್ಬಿ ಹಿಡಿದ ಮುದುಕಿಯೊಬ್ಬಳು ಯಾರಿಗೋ ಹೇಳುತ್ತಿದ್ದಳು: “ಮತ್ತ ಕರೆಂಟ್ ಹೋತ ನೋಡು. ಬನಹಟ್ಟಿಯಾಗೂ ಇಲ್ಲಂತ.”

ಕಿಟಕಿಯಿಂದ ಹಿಂದೆ ತಿರುಗಿ ನೋಡಿದೆ. ಕಬ್ಬಿನ ಹೊಲಗಳಷ್ಟೇ ಕಂಡವು. ಈಗ ಆ ಮನೆಯಲ್ಲಿ ಮಾರ್ತಾಬಾಯಿ ಇರಲಿಲ್ಲ.

ಮುಧೋಳ ಮುಟ್ಟುವ ಮೊದಲೇ ಅವರ ಫೋನ್ ಬಂತು. “ಸುನಂದಾ ಈಗ ಮಾತಾಡಿದ್ಳು. ಮಗ್ಗ ನಿಂತ ಕೂಡ್ಲೇ ಪ್ರಕಾಶ ಹೊಸ್ತಿಲ ಮ್ಯಾಲೆ ಕುಂತು ತಾನಽ ಪ್ರಾರ್ಥನಾ ಶುರು ಮಾಡಿದ್ನಂತ.”

“ಪೂರ್ತಿ ಹೇಳಿದ್ನೇನು?”

“ಎಲ್ಲಿಂದ! ಮತ್ತ ಅಲ್ಲೇ ಮರತ. ಅಕಿ ಒಳಗಿಂದ ಒದರಿ ಹೇಳಿದ್ಳಂತ, ‘ನನ್ನ ಮನಿ ಕಾಯಿ’ ಅನ್ನು ಅಂತ.”